ಮನೆಯಲ್ಲೇ ಕಟ್ಟುವ ಎಲೆಕ್ಟ್ರಿಕ್ ಸ್ಕೇಟ್‌ಬೋರ್ಡ್‌ಗೆ ಯಾವ ಬ್ಯಾಟರಿ? ಬೆಂಕಿಯನ್ನು ಲೆಕ್ಕಕ್ಕೆ ಹಿಡಿದು ಒಂದು ಹೋಲಿಕೆ

ಪುಣೆಯ ಕರ್ವೆನಗರದಲ್ಲಿ ನಮ್ಮ ಹಿಂದಿನ ಬೀದಿಯ ಮೂರನೇ ಮಹಡಿಯಲ್ಲಿ ಇಬ್ಬರು ಹುಡುಗರು ಬಾಡಿಗೆಗಿದ್ದಾರೆ. ಒಬ್ಬ ಹುಬ್ಬಳ್ಳಿಯವನು, ಇನ್ನೊಬ್ಬ ಗೋಕಾಕದವನು. ಇಬ್ಬರೂ ಎಂಜಿನಿಯರಿಂಗ್ ಓದುತ್ತಾರೆ. ಆರು ತಿಂಗಳಿಂದ ಒಬ್ಬೊಬ್ಬರೂ ಒಂದೊಂದು ಎಲೆಕ್ಟ್ರಿಕ್ ಸ್ಕೇಟ್‌ಬೋರ್ಡ್ ಕಟ್ಟುತ್ತಿದ್ದಾರೆ. ಹೋದ ಭಾನುವಾರ ಬಂದು ಕೂತರು. "ಅಣ್ಣಾ, ಹಲಗಿ ಆತು, ಮೋಟಾರ್ ಆತು. ಬ್ಯಾಟರಿ ಯಾವ್ದು ಹಾಕಬೇಕಂತ ತಿಳೀವಲ್ದು."

ಇದೇ ಪ್ರಶ್ನೆ ಡೊಂಬಿವಲಿಯಿಂದ ಒಬ್ಬರು, ವಾಸ್ಕೊದಿಂದ ಒಬ್ಬರು ಈ ಹಿಂದೆಯೇ ಕೇಳಿದ್ದರು. ಎಲ್ಲರ ಮುಂದೆ ಇರುವುದು ಹೆಚ್ಚು ಕಡಿಮೆ ಅವೇ ಐದು ದಾರಿ. ಹಳೆ ಲ್ಯಾಪ್‌ಟಾಪ್ ಸೆಲ್‌ಗಳನ್ನು ಬಿಚ್ಚಿ ಜೋಡಿಸುವುದು. ಡ್ರೋನ್, ರಿಮೋಟ್ ಕಾರಿಗೆ ಹಾಕುವ ಲಿಪೊ, ಅಂದರೆ ಲಿಥಿಯಂ ಪಾಲಿಮರ್ ಪ್ಯಾಕ್ ಕೊಳ್ಳುವುದು. ಹೊಸ ಲಿಥಿಯಂ ಅಯಾನ್ ಸೆಲ್ ತಂದು ತಾನೇ ಪ್ಯಾಕ್ ಕಟ್ಟುವುದು. ಎಲ್‌ಎಫ್‌ಪಿ, ಅಂದರೆ ಲಿಥಿಯಂ ಐರನ್ ಫಾಸ್ಫೇಟ್ ಸೆಲ್ ಬಳಸುವುದು. ಇಲ್ಲವೇ ಪ್ಯಾಕ್ ಕಟ್ಟುವವರ ಹತ್ತಿರ ಕಟ್ಟಿಸಿಕೊಳ್ಳುವುದು.

ನಾನು ಇಂಥ ಮೂರು ಬೋರ್ಡ್ ಕಟ್ಟಿದ್ದೇನೆ. ಮೊದಲನೆಯದನ್ನು ಐದು ತಿಂಗಳು ಓಡಿಸಿ, ಕುತೂಹಲಕ್ಕೆ ಅಂತ ಪ್ಯಾಕ್ ಬಿಚ್ಚಿ ನೋಡಿದೆ. ಒಂದು ಸೆಲ್‌ನ ತಲೆಯ ಹತ್ತಿರ, ಸೆಲ್‌ಗಳನ್ನು ಜೋಡಿಸುವ ನಿಕಲ್ ಪಟ್ಟಿಯ ಅಂಚು ಪ್ಲಾಸ್ಟಿಕ್ ಹೊದಿಕೆಯನ್ನು ಉಜ್ಜಿ ಉಜ್ಜಿ ಸವೆಸಿತ್ತು. ಪಕ್ಕದಲ್ಲೇ ಸಣ್ಣ ಕಪ್ಪು ಕಲೆ. ಇನ್ನೊಂದು ವಾರ ಓಡಿಸಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ. ಆ ಪ್ಯಾಕನ್ನು ನಾನು ರಾತ್ರಿ ಮಗಳು ಮಲಗುವ ಕೋಣೆಯ ಗೋಡೆಯಾಚೆ ಚಾರ್ಜಿಗೆ ಹಾಕುತ್ತಿದ್ದೆ. ಅವತ್ತಿನಿಂದ ಯಾವ ಬ್ಯಾಟರಿ ನೋಡಿದರೂ ಮೊದಲು ಕೇಳುವ ಪ್ರಶ್ನೆ ಒಂದೇ: ನನ್ನ ಕೈಯಿಂದ ತಪ್ಪಾದಾಗ ಇದು ಏನು ಮಾಡುತ್ತದೆ?

ಅಳೆಯುವುದು ಹೇಗೆ

ಸೆಲ್ ಒಳಗೆ ಪ್ಲಸ್ ಮತ್ತು ಮೈನಸ್ ಪದರಗಳ ನಡುವೆ ತೆಳ್ಳನೆ ಪ್ಲಾಸ್ಟಿಕ್ ಹಾಳೆ ಇರುತ್ತದೆ. ಶಾರ್ಟ್ ಆಗಿಯೋ, ಓವರ್‌ಚಾರ್ಜ್ ಆಗಿಯೋ, ಜಜ್ಜಿಯೋ ಒಳಗೆ ಬಿಸಿ ಏರಿದರೆ ಸುಮಾರು 130 ಡಿಗ್ರಿಯಲ್ಲಿ ಆ ಹಾಳೆ ಕರಗುತ್ತದೆ. ಪದರಗಳು ಒಂದಕ್ಕೊಂದು ತಾಗುತ್ತವೆ. ಬಿಸಿ ಇನ್ನೂ ಏರುತ್ತದೆ. ಒಂದು ಹಂತ ದಾಟಿದ ಮೇಲೆ ಸೆಲ್ ತನ್ನ ಬಿಸಿಗೆ ತಾನೇ ಉರಿಯುತ್ತದೆ, ಹೊರಗಿನ ಕಿಡಿ ಬೇಕಿಲ್ಲ. ಪಕ್ಕದ ಸೆಲ್ ಅದರ ಬಿಸಿಗೆ ಹೊತ್ತಿಕೊಳ್ಳುತ್ತದೆ, ಅದರ ಪಕ್ಕದ್ದು ಇದಕ್ಕೆ. ಪಟಾಕಿ ಸರದ ಹಾಗೆ.

ಆ ಹಂತ ಎಲ್ಲ ಬ್ಯಾಟರಿಗೂ ಒಂದೇ ಅಲ್ಲ. ಕೋಬಾಲ್ಟ್ ಆಕ್ಸೈಡ್ ಸೆಲ್‌ಗಳಿಗೆ ಸುಮಾರು 150 ಡಿಗ್ರಿ. ಈಗ ಹೆಚ್ಚಾಗಿ ಸಿಗುವ ನಿಕಲ್-ಮ್ಯಾಂಗನೀಸ್-ಕೋಬಾಲ್ಟ್ ಬಗೆಗೆ ಸುಮಾರು 210. ಎಲ್‌ಎಫ್‌ಪಿಗೆ ಸುಮಾರು 270. ಮೊದಲ ಅಳತೆ ಇದು.

ಎರಡನೆಯದು ಅದುರು. ಸ್ಕೂಟರಿಗೆ ಸಸ್ಪೆನ್ಷನ್ ಇದೆ, ಗಾಳಿ ತುಂಬಿದ ಟೈರ್ ಇದೆ. ಸ್ಕೇಟ್‌ಬೋರ್ಡಿಗೆ ಸಣ್ಣ ಗಟ್ಟಿ ಚಕ್ರ. ನಮ್ಮ ರಸ್ತೆಯ ಪ್ರತಿ ಕಲ್ಲೂ ನೇರ ಬ್ಯಾಟರಿಗೆ ಮುಟ್ಟುತ್ತದೆ. ಮೇಲೆ ನಿಂತವನ ತೂಕಕ್ಕೆ ಹಲಗೆ ಬಾಗುತ್ತದೆ, ಜೊತೆಗೆ ಬ್ಯಾಟರಿಯೂ ಬಾಗುತ್ತದೆ.

ಮೂರನೆಯದು ಎಳೆಯುವ ಕರೆಂಟ್. ನಾಲ್ಕನೆಯದು ಚಾರ್ಜಿಗೆ ಹಾಕುವ ಜಾಗ. ಇದನ್ನು ಯಾರೂ ಕೇಳಿಕೊಳ್ಳುವುದೇ ಇಲ್ಲ. ಹಾಸ್ಟೆಲ್ಲಾ, ಒಂದೇ ಮೆಟ್ಟಿಲಿನ ಫ್ಲ್ಯಾಟಾ, ಅಂಗಳ ಇರುವ ಮನೆಯಾ? ತೂಕ ಮತ್ತು ದುಡ್ಡು ಕೊನೆಗೆ ಬರಲಿ.

ಇಷ್ಟು ಎಚ್ಚರಿಕೆ ಯಾಕೆ ಅನ್ನಿಸಬಹುದು. 2016ರ ಜುಲೈನಲ್ಲಿ ಅಮೆರಿಕದಲ್ಲಿ ಬೆಂಕಿಯ ಕಾರಣಕ್ಕೆ ಐದು ಲಕ್ಷಕ್ಕೂ ಹೆಚ್ಚು ಹೋವರ್‌ಬೋರ್ಡ್‌ಗಳನ್ನು ವಾಪಸ್ ಪಡೆದರು. ಅವು ಕಾರ್ಖಾನೆಯಲ್ಲಿ ಮಾಡಿದವು. 2022ರ ಮಾರ್ಚ್‌ನಲ್ಲಿ ಇದೇ ಪುಣೆಯಲ್ಲಿ ರಸ್ತೆ ಬದಿ ನಿಂತಿದ್ದ ಇ-ಸ್ಕೂಟರ್ ಹೊತ್ತಿ ಉರಿಯಿತು. ಆ ವರ್ಷದ ಬೆಂಕಿಗಳ ನಂತರ ಬ್ಯಾಟರಿ ಸುರಕ್ಷತೆಯ ಎಐಎಸ್-156 ನಿಯಮವನ್ನು ಬಿಗಿ ಮಾಡಿದರು. ಆದರೆ ಅದು ರಸ್ತೆ ವಾಹನಗಳಿಗೆ. ನಾವು ಮನೆಯಲ್ಲಿ ಕಟ್ಟುವ ಹಲಗೆಯನ್ನು ನಮ್ಮನ್ನು ಬಿಟ್ಟು ಯಾರೂ ಪರೀಕ್ಷಿಸುವುದಿಲ್ಲ.

ಹಳೆ ಲ್ಯಾಪ್‌ಟಾಪ್ ಸೆಲ್: ಬೇಡ

ಇದರ ಸೆಳೆತ ನನಗೆ ಅರ್ಥವಾಗುತ್ತದೆ. ಪುಣೆಯಲ್ಲಿ ಬುಧವಾರ ಪೇಟೆಯ ತಾಪ್ಕೀರ್ ಗಲ್ಲಿ, ಮುಂಬೈಯಲ್ಲಿ ಲ್ಯಾಮಿಂಗ್ಟನ್ ರೋಡ್ ಸುತ್ತಿದರೆ ಏನು ಬೇಕಾದರೂ ಸಿಗುತ್ತದೆ ಅನ್ನಿಸುತ್ತದೆ. ಹಳೆ ಸೆಲ್ ಅಗ್ಗ. ಆದರೆ ಲ್ಯಾಪ್‌ಟಾಪ್ ಸೆಲ್ ನಿಧಾನವಾಗಿ ಕರೆಂಟ್ ಕೊಡಲು ಮಾಡಿದ್ದು. ಸ್ಕೇಟ್‌ಬೋರ್ಡ್ ಏರು ಹತ್ತುವಾಗ ಒಂದೊಂದು ಸೆಲ್‌ನಿಂದ ಹತ್ತು ಆಂಪಿಯರ್ ದಾಟಿ ಎಳೆಯುತ್ತದೆ. ಅದರ ಮೇಲೆ ಒಂದೊಂದು ಸೆಲ್‌ನ ವಯಸ್ಸು ಬೇರೆ, ಒಳಗಿನ ರೆಸಿಸ್ಟೆನ್ಸ್ ಬೇರೆ. ಒಟ್ಟಿಗೆ ಕಟ್ಟಿದಾಗ ಚೆನ್ನಾಗಿರುವ ಸೆಲ್ ಮೇಲೆ ಹೊರೆ ಬೀಳುತ್ತದೆ, ಸೋತ ಸೆಲ್ ಬಿಸಿಯಾಗುತ್ತದೆ. ಅವುಗಳಿಂದ ಟಾರ್ಚ್ ಮಾಡಿಕೊಳ್ಳಿ. ಕಾಲ ಕೆಳಗೆ ಇಟ್ಟುಕೊಳ್ಳಬೇಡಿ.

ನಕಲಿ ಹೊಸ ಸೆಲ್‌ಗೂ ಇದೇ ಮಾತು. 18650 ಅಳತೆಯ (18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ) ಸೆಲ್ ಮೇಲೆ 9900 ಎಂಎಎಚ್ ಅಂತ ಬರೆದಿದ್ದರೆ ಅಲ್ಲೇ ಬಿಟ್ಟು ಬನ್ನಿ. ಆ ಅಳತೆಯಲ್ಲಿ ಸಾಮಾನ್ಯವಾಗಿ ಸಿಗುವುದು 3500ರ ಆಸುಪಾಸಿನವರೆಗೆ ಮಾತ್ರ. ಸಣ್ಣ ತಕ್ಕಡಿ ಇದ್ದರೆ ತೂಗಿ ನೋಡಿ. ಅಸಲಿ ಸೆಲ್ 45ರಿಂದ 50 ಗ್ರಾಂ ತೂಗುತ್ತದೆ. ತೀರಾ ಹಗುರ ಬಂದರೆ ನಕಲಿಯೇ.

ಲಿಪೊ ಪ್ಯಾಕ್

ಬೆಸುಗೆ ಬೇಡ, ವೆಲ್ಡಿಂಗ್ ಬೇಡ, ತಂದು ಸಿಕ್ಕಿಸಿದರೆ ಆಯಿತು. ಕರೆಂಟ್ ಧಾರಾಳ. ಬೇಗ ಬೋರ್ಡ್ ಓಡಬೇಕು ಅನ್ನುವವರು ಇದನ್ನೇ ಹಿಡಿಯುತ್ತಾರೆ. ಕೊರತೆ ಇರುವುದು ಮೈಯಲ್ಲಿ. ಇದಕ್ಕೆ ಲೋಹದ ಡಬ್ಬಿ ಇಲ್ಲ, ಬರೀ ಮೆತ್ತನೆ ಚೀಲ. ಕಲ್ಲು ಬಡಿದರೆ, ಸ್ಕ್ರೂ ತುದಿ ಚುಚ್ಚಿದರೆ ತಡೆಯುವುದಿಲ್ಲ. ಜೊತೆಗೆ ಬಿಎಂಎಸ್, ಅಂದರೆ ಸೆಲ್‌ಗಳ ವೋಲ್ಟೇಜ್ ಕಾಯುವ ಸರ್ಕ್ಯೂಟ್, ಬರುವುದಿಲ್ಲ. ಪ್ರತಿ ಸಲ ಒಂದೊಂದು ಸೆಲ್ಲನ್ನೂ ಸಮವಾಗಿ ತುಂಬಿಸುವ ಬ್ಯಾಲೆನ್ಸ್ ಚಾರ್ಜರ್‌ನಲ್ಲೇ ಚಾರ್ಜ್ ಮಾಡಬೇಕು, ಎದುರಿಗೇ ಕೂತಿರಬೇಕು. ಉಬ್ಬಿದ ಪ್ಯಾಕನ್ನು ಇನ್ನೊಂದೇ ಸಲ ಅಂತ ಬಳಸುವ ಹಾಗಿಲ್ಲ. ಬೆಂಕಿ ತಡೆಯುವ ಲಿಪೊ ಚೀಲ ಅಂತ ಮಾರುತ್ತಾರೆ. ಅದು ಜ್ವಾಲೆಯನ್ನು ಸ್ವಲ್ಪ ತಡೆಯಬಹುದು, ಹೊಗೆಯನ್ನು ತಡೆಯುವುದಿಲ್ಲ.

ಒಂದು ಒಳ್ಳೆಯ ಗುಣ ಇದೆ. ಲಿಪೊ ಪ್ಯಾಕನ್ನು ಬೋರ್ಡ್‌ನಿಂದ ಬಿಚ್ಚಿ ಹೊರಗೆ ಒಯ್ಯಬಹುದು. ಅಂಗಳ ಇದೆ, ಸಿಮೆಂಟ್ ಕಟ್ಟೆ ಇದೆ, ಚಾರ್ಜ್ ಮುಗಿಯುವವರೆಗೆ ಕೂರುವ ತಾಳ್ಮೆಯೂ ಇದೆ ಅನ್ನುವವರಿಗೆ ಇದು ನಡೆಯುತ್ತದೆ. ವಾಸ್ಕೊದ ಆ ಗೆಳೆಯರಿಗೆ ಇದನ್ನೇ ಹೇಳಿದೆ, ಅವರ ಮನೆ ಹಾಗಿದೆ. ಫ್ಲ್ಯಾಟಿನಲ್ಲಿರುವವರಿಗೆ ನಾನು ಹೇಳುವುದಿಲ್ಲ.

ಹೊಸ ಲಿಥಿಯಂ ಅಯಾನ್ ಸೆಲ್, ಸ್ವಂತ ಕೈಯ ಪ್ಯಾಕ್

ಹೆಚ್ಚಿನವರು ಕಟ್ಟುವುದು ಇದನ್ನೇ. ಹತ್ತು ಸೆಲ್ ಸಾಲಿನಲ್ಲಿ, ಪ್ರತಿ ಸ್ಥಾನದಲ್ಲಿ ಮೂರು ಸೆಲ್ ಜೋಡಿ. 10ಎಸ್ 3ಪಿ ಅನ್ನುತ್ತಾರೆ. 3000 ಎಂಎಎಚ್‌ನ ಸ್ಯಾಮ್‌ಸಂಗ್ 30ಕ್ಯೂ ಹಾಕಿದರೆ 36 ವೋಲ್ಟ್, 9 ಆಂಪಿಯರ್ ಅವರ್, ಸುಮಾರು 324 ವ್ಯಾಟ್ ಅವರ್. ಕಿಲೋಮೀಟರಿಗೆ ಹತ್ತು ವ್ಯಾಟ್ ಅವರ್ ಲೆಕ್ಕ ಹಿಡಿದರೆ ಮೂವತ್ತು ಕಿಲೋಮೀಟರ್ ಓಟ. ಸೆಲ್‌ಗಳ ತೂಕ ಒಂದೂವರೆ ಕಿಲೋ ಒಳಗೆ. ದಪ್ಪ 18 ಮಿಲಿಮೀಟರ್, ಹಲಗೆ ಕೆಳಗೆ ಅಚ್ಚುಕಟ್ಟಾಗಿ ಕೂರುತ್ತದೆ. ಓಟ ಮತ್ತು ತೂಕ ನೋಡಿದರೆ ಇದರ ಮುಂದೆ ಬೇರೆ ನಿಲ್ಲುವುದಿಲ್ಲ.

ಆದರೆ ಬೆಂಕಿಯ ಮಟ್ಟಿಗೆ ಎಲ್ಲವೂ ನಿಮ್ಮ ಕೈಗೆಲಸದ ಮೇಲೆ ನಿಂತಿದೆ. ಸೆಲ್‌ನ ಲೋಹದ ಮೈಯೆಲ್ಲಾ ಮೈನಸ್. ತಲೆಯ ಮೇಲಿನ ಸಣ್ಣ ಗುಂಡಿ ಮಾತ್ರ ಪ್ಲಸ್. ಎರಡರ ನಡುವೆ ಒಂದೆರಡು ಮಿಲಿಮೀಟರ್ ಜಾಗ, ಮೇಲೆ ತೆಳುವಾದ ಪ್ಲಾಸ್ಟಿಕ್ ಹೊದಿಕೆ. ನನ್ನ ಪ್ಯಾಕಿನಲ್ಲಿ ಸವೆದದ್ದು ಇದೇ. ಅಲ್ಲಿ ಫಿಶ್ ಪೇಪರ್ ಅನ್ನುವ ಗಟ್ಟಿ ಕಾಗದದ ಉಂಗುರ ಕೂರಿಸಬೇಕಿತ್ತು, ನಾನು ಕೂರಿಸಿರಲಿಲ್ಲ. ಮೂವತ್ತು ಉಂಗುರಕ್ಕೆ ಒಂದು ಊಟದ ದುಡ್ಡೂ ಆಗುವುದಿಲ್ಲ. ಇದನ್ನು ಬಿಟ್ಟು ಕಟ್ಟಿದ ಪ್ಯಾಕನ್ನು ದಯವಿಟ್ಟು ಓಡಿಸಬೇಡಿ.

ಸೆಲ್‌ಗೆ ಬೆಸುಗೆ ಕಡ್ಡಿಯಿಂದ ನೇರವಾಗಿ ತಂತಿ ಹಚ್ಚಬೇಡಿ, ಆ ಬಿಸಿ ಒಳಗಿನ ಹಾಳೆಗೆ ಪೆಟ್ಟು. ಸ್ಪಾಟ್ ವೆಲ್ಡಿಂಗ್ ಬೇಕು. ನಿಕಲ್ ಪಟ್ಟಿ ಅಂತ ಮಾರುವುದರಲ್ಲಿ ಎಷ್ಟೋ ಉಕ್ಕಿಗೆ ನಿಕಲ್ ಲೇಪ ಹಾಕಿದ್ದು. ಅದು ಬೇಗ ಬಿಸಿಯಾಗುತ್ತದೆ, ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ. ಒಂದು ತುಂಡನ್ನು ಗೀರಿ ಉಪ್ಪು ನೀರಿನಲ್ಲಿ ಒಂದೆರಡು ದಿನ ಇಡಿ. ತುಕ್ಕು ಕಂಡರೆ ಉಕ್ಕು. ಮುಂಬೈ, ಗೋವಾದ ಕಡಲ ಗಾಳಿಯಲ್ಲಿ ಇರುವವರು ಈ ಪರೀಕ್ಷೆ ಬಿಡಲೇಬಾರದು.

ಬಾಗುವ ಹಲಗೆಯಾದರೆ ಸೆಲ್ ಗುಂಪುಗಳ ನಡುವೆ ಗಟ್ಟಿ ಪಟ್ಟಿ ಬೇಡ. ಸಿಲಿಕೋನ್ ಹೊದಿಕೆಯ ಮೆತ್ತನೆ ತಂತಿ ಹಾಕಿ, ಬಾಗುವುದು ತಂತಿಯಾಗಲಿ, ವೆಲ್ಡ್ ಆಗದಿರಲಿ. ಪೆಟ್ಟಿಗೆಯ ಸ್ಕ್ರೂ ಉದ್ದ ಅಳೆದು ನೋಡಿ, ತುದಿ ಬ್ಯಾಟರಿ ಕಡೆ ಇಣುಕಬಾರದು. ಪೆಟ್ಟಿಗೆ ಅಂಚಿಗೆ ರಬ್ಬರ್ ಪಟ್ಟಿ ಹಾಕಿದ ಮೇಲೂ ಜೂನ್‌ನಿಂದ ಸೆಪ್ಟೆಂಬರ್ ತನಕ ನೀರು ನಿಂತ ರಸ್ತೆಯಲ್ಲಿ ನಾನು ಬೋರ್ಡ್ ಇಳಿಸುವುದಿಲ್ಲ.

ದುಡ್ಡು ಉಳಿಸುವ ಜಾಗ ಸೆಲ್ ಅಲ್ಲ. ಮೂವತ್ತು ಸೆಲ್‌ಗೆ ತಲಾ ನೂರು ರೂಪಾಯಿ ಜಾಸ್ತಿ ಕೊಟ್ಟರೂ ಒಟ್ಟು ಮೂರು ಸಾವಿರ. ಬಿಲ್ ಕೊಡುವ ಅಂಗಡಿಯ ಅಸಲಿ ಸೆಲ್‌ಗೆ ಆ ಮೂರು ಸಾವಿರ ಹಾಕಿ. ಉಳಿಸಬೇಕಾದರೆ ಮೋಟಾರ್ ಒಂದೇ ಹಾಕಿ.

ಎಲ್‌ಎಫ್‌ಪಿ

ಮೊದಲ ಸಲ ಕಟ್ಟುವವರಿಗೆ ನಾನು ಹೇಳುವುದು ಇದನ್ನೇ. ಇದರೊಳಗೆ ಆಮ್ಲಜನಕವನ್ನು ರಂಜಕ ಬಿಗಿಯಾಗಿ ಹಿಡಿದಿರುತ್ತದೆ, ಬಿಸಿಯಾದಾಗ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಅದಕ್ಕೇ ಆ 270 ಡಿಗ್ರಿ. ಪೂರ್ತಿ ಬೆಂಕಿ ಹತ್ತುವುದೇ ಇಲ್ಲ ಅಂತಲ್ಲ. ಕೆಟ್ಟದಾಗಿ ಬಳಸಿದರೆ ಇದೂ ಉರಿಯುವ ಅನಿಲ ಬಿಡುತ್ತದೆ. ಆದರೆ ಹೊಸಬರ ಕೈಯ ತಪ್ಪನ್ನು ಇದು ಹೆಚ್ಚು ತಾಳಿಕೊಳ್ಳುತ್ತದೆ.

ಬದಲಿಗೆ ನೀವು ಕೊಡಬೇಕಾದದ್ದು ತೂಕ ಮತ್ತು ಓಟ. ಒಂದು ಸೆಲ್‌ಗೆ 3.2 ವೋಲ್ಟ್ ಮಾತ್ರ. 6 ಆಂಪಿಯರ್ ಅವರ್‌ನ 32700 ಅಳತೆಯ ದಪ್ಪ ಸೆಲ್ ಹನ್ನೆರಡು ಸಾಲಿಟ್ಟರೆ 38.4 ವೋಲ್ಟ್, ಸುಮಾರು 230 ವ್ಯಾಟ್ ಅವರ್. ಓಟ ಇಪ್ಪತ್ತು ಕಿಲೋಮೀಟರ್ ಆಸುಪಾಸು. ದಪ್ಪ 32 ಮಿಲಿಮೀಟರ್, ಪೆಟ್ಟಿಗೆ ಕೆಳಗೆ ಜೋತು ನಿಲ್ಲುತ್ತದೆ, ಸ್ಪೀಡ್ ಬ್ರೇಕರ್‌ಗೆ ತಾಗದಂತೆ ಚಕ್ರ ದೊಡ್ಡದು ಬೇಕು. ಸಾಮಾನ್ಯವಾಗಿ ಸಿಗುವ ಈ ಸೆಲ್‌ಗಳು ಹದಿನೆಂಟು ಆಂಪಿಯರ್ ಆಚೆಗೆ ಸತತವಾಗಿ ಕೊಡುವುದಿಲ್ಲ. ಸಮತಟ್ಟಾದ ಒಳರಸ್ತೆಗೆ ಸಾಕು. ಪುಣೆಯ ಪಾಷಾಣ್, ಬಾವಧನ್ ಕಡೆಯ ಏರಿಗೆ ಸಾಲದು. ಜೋಡಿ ಮಾಡಿ 24 ಸೆಲ್ ಹಾಕಿದರೆ ಸೆಲ್‌ಗಳೇ ಮೂರೂವರೆ ಕಿಲೋ ಹತ್ತಿರ ಆಗುತ್ತವೆ. ಮೂರು ಮಹಡಿ ಹೊತ್ತು ಹತ್ತುವ ಹುಡುಗನಿಗೆ ಇದು ಸಣ್ಣ ಮಾತಲ್ಲ.

ಕಟ್ಟಿಸಿಕೊಳ್ಳುವುದು

ಪುಣೆಯಲ್ಲಿ ಪ್ಯಾಕ್ ಕಟ್ಟಿಕೊಡುವವರು ಸಿಗುತ್ತಾರೆ. ವೆಲ್ಡಿಂಗ್ ಯಂತ್ರ ಕೊಳ್ಳುವ ಖರ್ಚು ಉಳಿಯುತ್ತದೆ, ಕೈ ಪಳಗಿದವರ ಕೆಲಸ ಸಿಗುತ್ತದೆ. ಆದರೆ ಅವರ ರೂಢಿ ಸೈಕಲ್, ಸ್ಕೂಟರಿನದು. ಇದು ಸ್ಕೇಟ್‌ಬೋರ್ಡಿಗೆ, ಅದುರು ಜಾಸ್ತಿ ಅಂತ ಮೊದಲೇ ಹೇಳಿ. ಸೆಲ್‌ನ ಹೆಸರು ಮತ್ತು ಮಾಡೆಲ್ ಬಿಲ್ಲಿನಲ್ಲಿ ಬರೆಸಿ. ನೀಲಿ ಹೊದಿಕೆ ಹಾಕುವ ಮುಂಚೆ ಫೋಟೊ ಕೇಳಿ, ಉಂಗುರಗಳು ಕಾಣಬೇಕು. ಒಂದೊಂದು ಗುಂಪಿನ ವೋಲ್ಟೇಜ್ ಬರೆದುಕೊಡಲು ಹೇಳಿ. ಇಷ್ಟಕ್ಕೆ ಮುಖ ಸಿಂಡರಿಸುವವರ ಹತ್ತಿರ ಕಟ್ಟಿಸಬೇಡಿ.

ಬಿಎಂಎಸ್ ಮತ್ತು ಇಳಿಜಾರು

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಬಿಎಂಎಸ್ ಅಂದರೆ ಪ್ರತಿ ಗುಂಪಿನ ವೋಲ್ಟೇಜ್ ಕಾಯುವ ಸರ್ಕ್ಯೂಟ್ ಬೋರ್ಡು. ಹೆಚ್ಚಾದರೆ, ಕಡಿಮೆಯಾದರೆ, ಶಾರ್ಟ್ ಆದರೆ ಅದು ಕರೆಂಟ್ ಕಡಿಯುತ್ತದೆ. ಬೆಂಕಿ ತಡೆಯುವ ಲೆಕ್ಕದಲ್ಲಿ ಕಡಿಯುವುದು ಒಳ್ಳೆಯದೇ. ಆದರೆ ಸ್ಕೇಟ್‌ಬೋರ್ಡಿನ ಬ್ರೇಕ್ ಎಂದರೆ ಮೋಟಾರ್. ಬ್ರೇಕ್ ಹಾಕಿದಾಗ ಮೋಟಾರ್ ಕರೆಂಟ್ ಹುಟ್ಟಿಸಿ ಬ್ಯಾಟರಿಗೆ ತಳ್ಳುತ್ತದೆ. ಪೂರ್ತಿ ಚಾರ್ಜ್ ಮಾಡಿಕೊಂಡು ಇಳಿಜಾರಿನ ತುದಿಯಿಂದ ಹೊರಟಿರಿ ಅಂದುಕೊಳ್ಳಿ. ತುಂಬಿದ ಕೊಡಕ್ಕೆ ಮತ್ತೆ ನೀರು ಹೊಯ್ದ ಹಾಗೆ. ಬಿಎಂಎಸ್ ಕಡಿದರೆ ಬ್ರೇಕ್ ಹೋಯಿತು. ಕಡಿಯದಿದ್ದರೆ ಸೆಲ್ ಓವರ್‌ಚಾರ್ಜ್.

ದಾರಿ ಎರಡು. ಹೋಗುವ ಬರುವ ಕರೆಂಟೆಲ್ಲಾ ಬಿಎಂಎಸ್ ಮೂಲಕವೇ ಹಾಯಿಸುವುದು ಒಂದು. ಚಾರ್ಜ್ ಮಾತ್ರ ಬಿಎಂಎಸ್ ಮೂಲಕ, ಓಟದ ಕರೆಂಟ್ ನೇರ ಮೋಟಾರ್ ನಡೆಸುವ ಕಂಟ್ರೋಲರ್‌ಗೆ ಕೊಡುವುದು ಇನ್ನೊಂದು. ವಿಇಎಸ್‌ಸಿ ಬಗೆಯ, ಅಂದರೆ ಮಿತಿಗಳನ್ನು ನಾವೇ ಹೊಂದಿಸಬಹುದಾದ ಕಂಟ್ರೋಲರ್ ಇದ್ದರೆ ನಾನು ಎರಡನೆಯದನ್ನು ಆರಿಸುತ್ತೇನೆ. ಅದರಲ್ಲಿ ವೋಲ್ಟೇಜ್ ಎಷ್ಟಕ್ಕೆ ಇಳಿದರೆ ಓಟ ನಿಲ್ಲಬೇಕು ಅನ್ನುವ ಮಿತಿ ಹಾಕಿಕೊಳ್ಳಬಹುದು. 10ಎಸ್ ಪ್ಯಾಕಿಗೆ 34 ವೋಲ್ಟ್‌ನಿಂದ ನಿಧಾನಿಸಿ 31ಕ್ಕೆ ನಿಲ್ಲಲಿ. ಬ್ರೇಕ್‌ನಿಂದ ಬರುವ ಕರೆಂಟಿಗೂ ಮಿತಿ ಹಾಕಿ. 30ಕ್ಯೂ ಸೆಲ್ ತಲಾ 4 ಆಂಪಿಯರ್ ತನಕ ಚಾರ್ಜ್ ತಡೆಯುತ್ತದೆ, ಮೂರಕ್ಕೆ 12. ಜೊತೆಗೆ ಬ್ಯಾಟರಿಯ ಹತ್ತಿರವೇ ಒಂದು ಫ್ಯೂಸ್. ಕಾರಿನ ಬ್ಲೇಡ್ ಫ್ಯೂಸ್ ಸಾಮಾನ್ಯವಾಗಿ 32 ವೋಲ್ಟಿಗೆ ಮಾಡಿದ್ದು. ಪೂರ್ತಿ ಚಾರ್ಜಾದಾಗ 42 ವೋಲ್ಟ್ ಮುಟ್ಟುವ 10ಎಸ್ ಪ್ಯಾಕಿಗೆ ಅದು ಸಲ್ಲ, 58 ವೋಲ್ಟಿನದು ಕೇಳಿ ತನ್ನಿ. ಮಿತಿ ಹಾಕಲು ಬರದ ಅಗ್ಗದ ಕಂಟ್ರೋಲರ್ ಆದರೆ ಮೊದಲನೆಯ ದಾರಿಯೇ ಇರಲಿ, ಇಳಿಜಾರಿಗೆ ಹೋಗಬೇಡಿ. ಯಾವುದೇ ಆದರೂ ಮನೆ ಎತ್ತರದಲ್ಲಿದ್ದರೆ ಚಾರ್ಜನ್ನು ನೂರಕ್ಕೆ ತೊಂಬತ್ತರಲ್ಲಿ ನಿಲ್ಲಿಸಿ.

ಚಾರ್ಜಿಗೆ ಹಾಕುವಾಗ

ಮಂಚದ ಕೆಳಗೆ ಬೇಡ, ಗ್ಯಾಸ್ ಸಿಲಿಂಡರ್ ಹತ್ತಿರ ಬೇಡ, ಮುಖ್ಯವಾಗಿ ಹೊರಬಾಗಿಲ ದಾರಿಯಲ್ಲಿ ಬೇಡ. ಬಾಗಿಲ ಬಳಿ ಹೊತ್ತಿಕೊಂಡರೆ ಹೊರಗೆ ಬರುವುದು ಹೇಗೆ? ನೆರಳಿರುವ ಬಾಲ್ಕನಿಯ ಟೈಲ್ಸ್ ಮೇಲೆ, ಎಚ್ಚರ ಇರುವ ಹೊತ್ತಿನಲ್ಲಿ ಹಾಕಿ. ಏಪ್ರಿಲ್, ಮೇ ಬಿಸಿಲಲ್ಲಿ ಓಡಿಸಿ ಬಂದ ತಕ್ಷಣ ಸಿಕ್ಕಿಸಬೇಡಿ, ಅರ್ಧ ಗಂಟೆ ಆರಲಿ. ದೀಪಾವಳಿಗೆ ಊರಿಗೆ ಹೊರಟರೆ ಪ್ಯಾಕ್ ಅರ್ಧ ಚಾರ್ಜಿನಲ್ಲಿರಲಿ. ವಿಮಾನದಲ್ಲಿ 160 ವ್ಯಾಟ್ ಅವರ್ ದಾಟಿದ ಬ್ಯಾಟರಿಯನ್ನು ಪ್ರಯಾಣಿಕರ ಸಾಮಾನಿನಲ್ಲಿ ಒಯ್ಯಲು ಬಿಡುವುದಿಲ್ಲ, ಹಾಗಾಗಿ ಬೋರ್ಡ್ ಇಲ್ಲೇ ಇರಬೇಕಾಗುತ್ತದೆ.

ಸಿಹಿ ಸಿಹಿ ರಾಸಾಯನಿಕ ವಾಸನೆ, ಸಿಳ್ಳೆಯಂಥ ಸದ್ದು, ಬಿಳಿ ಹೊಗೆ ಬಂದರೆ ಪ್ಯಾಕನ್ನು ಕೈಯಲ್ಲಿ ಹಿಡಿಯಲು ಹೋಗಬೇಡಿ. ಆ ಹೊಗೆ ವಿಷ. ಎಲ್ಲರನ್ನೂ ಕರೆದುಕೊಂಡು ಹೊರಗೆ ಬನ್ನಿ, ಬಾಗಿಲು ಎಳೆದುಕೊಳ್ಳಿ, 101ಕ್ಕೋ 112ಕ್ಕೋ ಫೋನ್ ಮಾಡಿ, ಲಿಥಿಯಂ ಬ್ಯಾಟರಿ ಅಂತ ಹೇಳಿ. ಬೆಂಕಿ ಆರಿಸುವ ಪುಡಿಯ ಸಿಲಿಂಡರ್ ಸುತ್ತಲಿನ ಜ್ವಾಲೆ ಆರಿಸುತ್ತದೆ, ಸೆಲ್ ಒಳಗಿನ ಬಿಸಿ ಇಳಿಸುವುದಿಲ್ಲ. ಅದಕ್ಕೆ ಬೇಕಾಗುವುದು ತುಂಬಾ ನೀರು.

ಆ ಇಬ್ಬರು ಏನು ಮಾಡಿದರು

ಒಂದೇ ಫ್ಲ್ಯಾಟ್, ಆದರೂ ಇಬ್ಬರ ಆಯ್ಕೆ ಬೇರೆಯಾಯಿತು. ಗೋಕಾಕದವನು ಸೊಸೈಟಿಯ ಒಳರಸ್ತೆ ಬಿಟ್ಟು ಹೋಗುವುದಿಲ್ಲ. ಅವನು ಎಲ್‌ಎಫ್‌ಪಿ 12 ಸೆಲ್ ಹಿಡಿದ. ಹುಬ್ಬಳ್ಳಿಯವನಿಗೆ ಬಾವಧನ್ ತನಕ ಹೋಗಿ ಬರಬೇಕು. ಅವನು 10ಎಸ್ 3ಪಿ ಕಟ್ಟಿಸುತ್ತಾನೆ, ಎರಡು ತಿಂಗಳು ತಡವಾದರೂ ಸರಿ, ಅಸಲಿ ಸೆಲ್‌ಗೆ ದುಡ್ಡು ಕೂಡಿಸಿ.

ಹೊರಡುವಾಗ ನನಗೆ ಒಂದು ಹೊಳೆಯಿತು. ಎಲ್‌ಎಫ್‌ಪಿ ಪ್ಯಾಕಿನ ಚಾರ್ಜರ್ 43.8 ವೋಲ್ಟ್. ಇನ್ನೊಂದರದು 42. ಎರಡಕ್ಕೂ ಮಾರುಕಟ್ಟೆಯಲ್ಲಿ ಬರುವ ಪಿನ್ ಒಂದೇ ಥರ. ನಿದ್ದೆಗಣ್ಣಲ್ಲಿ ತಪ್ಪು ಚಾರ್ಜರ್ ಸಿಕ್ಕಿಸಿದರೆ 10ಎಸ್ ಪ್ಯಾಕಿನ ಪ್ರತಿ ಸೆಲ್ 4.38 ವೋಲ್ಟ್ ಕಡೆ ಏರುತ್ತದೆ, ತಡೆಯಲು ಉಳಿಯುವುದು ಬಿಎಂಎಸ್ ಒಂದೇ. "ಒಂದರ ಪಿನ್ ಇವತ್ತೇ ಬದಲಿ ಮಾಡ್ರಪ್ಪಾ" ಅಂದೆ. ಸಂಜೆ ಹುಬ್ಬಳ್ಳಿಯವನು ಫೋಟೊ ಕಳಿಸಿದ. ಒಂದು ಚಾರ್ಜರ್‌ಗೆ ಹಳದಿ ಎಕ್ಸ್‌ಟಿ60 ಪ್ಲಗ್ ಹಾಕಿ, ಮೇಲೆ ಕೆಂಪು ಟೇಪ್ ಸುತ್ತಿದ್ದ.